‘ನೀರು ಬಂದಿಲ್ಲ’ ಎಂದರೆ ಏಜೆಂಟ್ ಟ್ಯಾಂಕರ್ ತರಿಸುತ್ತಿದೆ: ಟೂಲ್‌ಗಳ ವಿವರಣೆ ಹೇಗೆ ಬರೆಯಬೇಕು?

ಹೊಸಕೆರೆಹಳ್ಳಿಯವ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರು ದಕ್ಷಿಣ ಭಾಗದ ಕೆಲವು ಅಪಾರ್ಟ್‌ಮೆಂಟ್ ಸಂಘಗಳಿಗಾಗಿ ನಾವು ಮೂವರು ಸೇರಿ ಒಂದು ಎಐ ಏಜೆಂಟ್ ಸಿದ್ಧಪಡಿಸುತ್ತಿದ್ದೇವೆ. ನಿವಾಸಿಗಳು ವಾಟ್ಸ್‌ಆಪ್‌ನಲ್ಲಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ, ಹೆಚ್ಚಿನ ಸಲ ಎರಡನ್ನೂ ಬೆರೆಸಿಯೋ ಬರೆಯುತ್ತಾರೆ. ಏಜೆಂಟ್ ಅದನ್ನು ಅರ್ಥ ಮಾಡಿಕೊಂಡು ತನಗೆ ಕೊಟ್ಟಿರುವ ಹನ್ನೊಂದು ಟೂಲ್‌ಗಳಲ್ಲಿ, ಅಂದರೆ ಒಂದೊಂದು ಕೆಲಸ ಮಾಡುವ ಪುಟ್ಟ ಪ್ರೋಗ್ರಾಂಗಳಲ್ಲಿ, ತಕ್ಕದ್ದನ್ನು ಆರಿಸಿ ಕೆಲಸ ಮಾಡಬೇಕು. ಸಂಪ್‌ನಲ್ಲಿ ಎಷ್ಟು ನೀರಿದೆ ಎಂದು ನೋಡುವುದು, ಕಾವೇರಿ ನೀರು ಬಿಡುವ ದಿನಗಳನ್ನು ತಿಳಿಸುವುದು, ಟ್ಯಾಂಕರ್ ತರಿಸುವುದು, ಪ್ಲಂಬರ್‌ಗೆ ಹೇಳಿಕಳಿಸುವುದು, ದೂರು ಬರೆದುಕೊಳ್ಳುವುದು ಇವೆಲ್ಲ ಆ ಟೂಲ್‌ಗಳ ಕೆಲಸ.

ಕಳೆದ ವಾರ ಮೂರನೆಯ ಮಹಡಿಯ ನಿವಾಸಿಯೊಬ್ಬರು ಬೆಳಿಗ್ಗೆ ಆರೂವರೆಗೆ ‘ನೀರು ಬರ್ತಾ ಇಲ್ಲ’ ಎಂದಷ್ಟೇ ಬರೆದರು. ಏಜೆಂಟ್ ಮತ್ತೇನನ್ನೂ ಕೇಳದೆ 12,000 ಲೀಟರಿನ ಟ್ಯಾಂಕರ್ ತರಿಸಿಬಿಟ್ಟಿತು. ಸಂಪ್ ಮುಕ್ಕಾಲು ತುಂಬಿತ್ತು; ಮೋಟರ್ ಹಾಕುವವರು ಆ ದಿನ ತಡವಾಗಿ ಬಂದಿದ್ದರು, ಅಷ್ಟೇ. ಗೇಟಿನ ಮುಂದೆ ಬಂದು ನಿಂತ ಟ್ಯಾಂಕರ್‌ಗೆ ಸಂಘದವರು ಹಣ ಕೊಡಬೇಕಾಯಿತು, ಅರ್ಧ ನೀರು ಚರಂಡಿಗೆ ಹೋಯಿತು, ನಮಗೆ ಮಂಗಳಾರತಿಯಾಯಿತು.

ಯಾವ ಟೂಲ್ ಏನು ಮಾಡುತ್ತದೆಂದು ಏಜೆಂಟ್‌ಗೆ ತಿಳಿಸಲು ನಾವು ಬರೆದಿದ್ದ ವಿವರಣೆ ಹೀಗಿತ್ತು. ‘ಬುಕ್_ಟ್ಯಾಂಕರ್: ನೀರಿನ ಸಮಸ್ಯೆ ಇದ್ದಾಗ ಟ್ಯಾಂಕರ್ ಬುಕ್ ಮಾಡುತ್ತದೆ.’ ಇನ್ನೊಂದು ಟೂಲ್, ‘ವಾಟರ್_ಸರ್ವಿಸ್: ನೀರಿಗೆ ಸಂಬಂಧಿಸಿದ ಸೇವೆಗಳನ್ನು ನಿರ್ವಹಿಸುತ್ತದೆ.’ ಈ ಘಟನೆಯ ನಂತರ ಸಿಸ್ಟಂ ಪ್ರಾಂಪ್ಟ್‌ನಲ್ಲಿ (ಏಜೆಂಟ್‌ಗೆ ಮೊದಲೇ ಕೊಟ್ಟಿರುವ ಸಾಮಾನ್ಯ ಸೂಚನೆಗಳಲ್ಲಿ) ‘ಅನಗತ್ಯವಾಗಿ ಟ್ಯಾಂಕರ್ ತರಿಸಬಾರದು’ ಎಂದು ಸೇರಿಸಿದೆವು. ಈಗ ಸಂಪ್ ನಿಜವಾಗಿಯೂ ಖಾಲಿಯಾದಾಗಲೂ ಅದು ಹಿಂಜರಿಯುತ್ತಿದೆ. ಏಜೆಂಟ್‌ನ ಹಿಂದಿರುವ ಭಾಷಾ ಮಾಡೆಲನ್ನು ದೊಡ್ಡದಕ್ಕೆ ಬದಲಾಯಿಸಿದಾಗ ತುಸು ಸುಧಾರಿಸಿತಾದರೂ ಸಮಸ್ಯೆ ಪೂರ್ತಿ ಹೋಗಲಿಲ್ಲ. ವಿವರಣೆ ಎಷ್ಟು ಉದ್ದವಿರಬೇಕು, ಅದನ್ನು ಕನ್ನಡದಲ್ಲಿ ಬರೆಯಬೇಕೋ ಇಂಗ್ಲಿಷಿನಲ್ಲೋ, ಯಾವ ಮಾತು ವಿವರಣೆಯಲ್ಲಿರಬೇಕು, ಯಾವುದು ಪ್ರಾಂಪ್ಟ್‌ನಲ್ಲಿರಬೇಕು ಎಂಬುದನ್ನು ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಮಲ್ಲೇಶ್ವರದ ಹಳೆಯ ಪ್ರೋಗ್ರಾಮರ್

ನಿಮ್ಮ ಏಜೆಂಟ್ ತಪ್ಪು ಮಾಡಿಲ್ಲ. ನೀವು ಬರೆದದ್ದನ್ನು ಓದಿ ಹಾಗೆಯೇ ನಡೆದುಕೊಂಡಿದೆ. ‘ನೀರಿನ ಸಮಸ್ಯೆ ಇದ್ದಾಗ’ ಎಂದಿರಿ, ಮೂರನೆಯ ಮಹಡಿಯವರಿಗೆ ನೀರಿನ ಸಮಸ್ಯೆ ಇತ್ತು. ಟೂಲ್‌ನ ಒಳಗಿನ ಕೋಡ್ ಮಾಡೆಲ್‌ನ ಕಣ್ಣಿಗೆ ಬೀಳುವುದೇ ಇಲ್ಲ. 2023ರ ಜೂನ್‌ನಲ್ಲಿ ಓಪನ್‌ಎಐ ತನ್ನ ಎಪಿಐಗೆ (ಇತರರ ಪ್ರೋಗ್ರಾಂಗಳು ಅದರ ಮಾಡೆಲ್‌ಗಳನ್ನು ಬಳಸುವ ದಾರಿಗೆ) ಫಂಕ್ಷನ್ ಕಾಲಿಂಗ್ ಎಂಬ ಟೂಲ್ ಬಳಸುವ ಸೌಲಭ್ಯ ಸೇರಿಸಿದಾಗಲೂ, 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಕಂಪನಿ ಮಾಡೆಲ್‌ಗಳಿಗೆ ಟೂಲ್‌ಗಳನ್ನು ಜೋಡಿಸುವ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ (ಎಂಸಿಪಿ) ಪ್ರಕಟಿಸಿದಾಗಲೂ ಮೂಲ ವ್ಯವಸ್ಥೆ ಒಂದೇ ಆಗಿತ್ತು: ಟೂಲ್‌ನ ಹೆಸರು, ಅದರ ವಿವರಣೆ, ಅದು ಪಡೆಯುವ ಮಾಹಿತಿಯನ್ನು ಹೇಳುವ ಜೇಸನ್ ಸ್ಕೀಮಾ. ಮಾಡೆಲ್ ಇವನ್ನು ಓದಿ ‘ಈ ಟೂಲನ್ನು ಈ ಮೌಲ್ಯಗಳೊಂದಿಗೆ ನಡೆಸಿ’ ಎಂದು ಹೇಳುತ್ತದೆ, ನಡೆಸುವುದು ನಿಮ್ಮ ಪ್ರೋಗ್ರಾಂ. ಹೀಗಾಗಿ ವಿವರಣೆಯೆಂಬುದು ಸಹ ಪ್ರೋಗ್ರಾಮರ್‌ಗಾಗಿ ಕೋಡ್‌ನ ಮೇಲೆ ಬರೆದಿಡುವ ಟಿಪ್ಪಣಿಯಲ್ಲ, ಪ್ರತಿ ಸಲವೂ ಮಾಡೆಲ್‌ನ ಕಿವಿಗೆ ಬೀಳುವ ಆದೇಶದ ಒಂದು ಭಾಗ.

ಹಳೆಯ ಕಾಲದ ಕೆರೆಗಳಲ್ಲಿ ನೀರುಗಂಟಿ ಎಂಬವನಿರುತ್ತಿದ್ದನಲ್ಲ, ಅವನು ಒಂದು ವಾರ ಊರಿಗೆ ಹೋಗುವಾಗ ತೂಬಿನ ಕೆಲಸವನ್ನು ಬೇರೆಯವನಿಗೆ ಒಪ್ಪಿಸಬೇಕಾದರೆ ‘ಇದು ತೂಬು, ನೀರು ಬಿಡಲು ಬಳಸು’ ಎಂದು ಹೇಳಿ ಹೋಗುತ್ತಿರಲಿಲ್ಲ. ಯಾವ ಗದ್ದೆಗೆ ಯಾವ ದಿನ, ಕೆರೆಯಲ್ಲಿ ನೀರು ಎಲ್ಲಿಯವರೆಗೆ ಇಳಿದರೆ ತೂಬು ತೆಗೆಯಲೇಬಾರದು, ಯಾರು ಬಂದು ಕೇಳಿದರೆ ಮೊದಲು ಹೋಗಿ ನೋಡಿಕೊಂಡು ಬರಬೇಕು ಎಂಬುದನ್ನೇ ಮುಖ್ಯವಾಗಿ ಹೇಳುತ್ತಿದ್ದ. ಟೂಲ್‌ನ ವಿವರಣೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಇದೇ ಭಾಗ. ಅದು ಏನು ಮಾಡುತ್ತದೆ ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಯಾವಾಗ ಬಳಸಬಾರದು, ಪಕ್ಕದ ಟೂಲ್‌ಗೂ ಇದಕ್ಕೂ ಗಡಿ ಎಲ್ಲಿ, ನಡೆಸಿದ ಮೇಲೆ ಹಿಂದಕ್ಕೆ ಪಡೆಯಬಹುದೇ ಎಂಬುದನ್ನು ಬರೆಯುವವರು ಕಡಿಮೆ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ಖಾಸಗಿ ಪೂರೈಕೆದಾರರಿಂದ ಒಂದು ಟ್ಯಾಂಕರ್ ನೀರನ್ನು ಇಡೀ ಕಟ್ಟಡದ ಸಂಪ್‌ಗೆ ತರಿಸುತ್ತದೆ. ಸಂಘಕ್ಕೆ ಹಣ ಖರ್ಚಾಗುತ್ತದೆ, ವಾಹನ ಹೊರಟ ಮೇಲೆ ರದ್ದು ಮಾಡಲಾಗದು. ಸಂಪ್‌ನ ಮಟ್ಟವನ್ನು ಇದೇ ಸಂಭಾಷಣೆಯಲ್ಲಿ ನೋಡಿ, ಅದು 20 ಪ್ರತಿಶತಕ್ಕಿಂತ ಕಡಿಮೆ ಇದ್ದು, ಇವತ್ತು ಕಾವೇರಿ ನೀರು ಬರುವ ದಿನವಲ್ಲವೆಂದು ಖಚಿತವಾದಾಗ ಮಾತ್ರ ಬಳಸಬೇಕು. ಒಂದೇ ಮನೆಗೆ ನೀರು ಬಾರದಿದ್ದರೆ ಇದನ್ನು ಬಳಸಬಾರದು, ಅದಕ್ಕೆ ಪ್ಲಂಬರ್ ಟೂಲ್ ಇದೆ.’ ನಾಲ್ಕು ವಾಕ್ಯಗಳಾದವು, ಇಷ್ಟು ಸಾಕು. ಇದನ್ನು ಬರೆದ ಮೇಲೆ ಸಿಸ್ಟಂ ಪ್ರಾಂಪ್ಟ್‌ನಲ್ಲಿ ನೀವು ಸೇರಿಸಿದ ‘ಅನಗತ್ಯವಾಗಿ’ ಎಂಬ ವಾಕ್ಯವನ್ನು ತೆಗೆದುಹಾಕಿ. ಯಾವುದು ಅನಗತ್ಯ ಎಂಬುದನ್ನು ಹೇಳದೆ ಹೆದರಿಸಿದರೆ ಹೊಸ ನೌಕರನೂ ಕೈಕಟ್ಟಿ ಕೂರುತ್ತಾನೆ. ಒಂದೇ ಟೂಲ್‌ಗೆ ಸೇರಿದ ನಿಯಮ ಆ ಟೂಲ್‌ನ ಜೊತೆಗೇ ಇರಲಿ. ಮಾತಿನ ಧಾಟಿ, ಯಾರ ಮಾಹಿತಿಯನ್ನು ಯಾರಿಗೆ ಹೇಳಬಾರದು, ಯಾವಾಗ ಮನುಷ್ಯರಿಗೆ ಒಪ್ಪಿಸಬೇಕು ಎಂಬಂಥ ಎಲ್ಲಕ್ಕೂ ಅನ್ವಯಿಸುವ ವಿಷಯಗಳು ಪ್ರಾಂಪ್ಟ್‌ನಲ್ಲಿರಲಿ.

ಪ್ಯಾರಾಮೀಟರ್‌ಗಳನ್ನು, ಅಂದರೆ ಟೂಲ್ ಪಡೆಯುವ ಒಂದೊಂದು ಮಾಹಿತಿಯನ್ನು, ನೀವು ಇಲ್ಲಿ ತೋರಿಸಿಲ್ಲ, ಆದರೆ ಅಲ್ಲಿಯೂ ಇದೇ ಸಡಿಲತೆ ಇರಬಹುದೆಂದು ಅನುಮಾನ. ‘ಲೆವೆಲ್’ ಎಂದು ಬರೆದು 3 ಎಂಬ ಸಂಖ್ಯೆ ಕೊಟ್ಟರೆ ಅದು ಮೂರು ಅಡಿಯೋ ಮೂರು ಪ್ರತಿಶತವೋ ಮಾಡೆಲ್‌ಗೆ ತಿಳಿಯದು. ‘ಲೆವೆಲ್_ಪರ್ಸೆಂಟ್’ ಎಂದರೆ ವಿವರಿಸುವ ಅಗತ್ಯವೇ ಇರುವುದಿಲ್ಲ. ಟ್ಯಾಂಕರ್‌ನ ಗಾತ್ರವನ್ನು ಯಾವ ಸಂಖ್ಯೆಯಾದರೂ ಆಗಬಹುದೆಂದು ಬಿಡಬೇಡಿ. 2024ರ ಮಾರ್ಚ್‌ನಲ್ಲಿ ನಗರ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿಪಡಿಸಿದಾಗ 6,000, 8,000, 12,000 ಲೀಟರ್ ಎಂದು ಮೂರು ಗಾತ್ರಗಳನ್ನು ಹೆಸರಿಸಿತ್ತು. ನಿಮ್ಮ ಪೂರೈಕೆದಾರರೂ ಅವನ್ನೇ ಕೊಡುವುದಾದರೆ ಸ್ಕೀಮಾದಲ್ಲಿ ಆ ಮೂರನ್ನೇ ಈನಮ್ ಆಗಿ, ಅಂದರೆ ಬೇರೆ ಮೌಲ್ಯಕ್ಕೆ ಅವಕಾಶವಿಲ್ಲದ ಪಟ್ಟಿಯಾಗಿ, ಕಟ್ಟಿಹಾಕಿ. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿಯೇ ಕೇಳಿ. 5-7 ಎಂದರೆ ನಮಗೆ ಜುಲೈ ಐದು, ಅಮೆರಿಕದ ಬರವಣಿಗೆಯನ್ನು ಹೆಚ್ಚು ಓದಿದ ಮಾಡೆಲ್‌ಗೆ ಮೇ ಏಳು ಆಗಬಹುದು.

ಕೈಪಿಡಿ ಬರೆಯುವವಳು

ಮೇಲಿನ ಉತ್ತರದ ಬಹುಭಾಗವನ್ನು ಒಪ್ಪುತ್ತೇನೆ, ಆದರೆ ಒಂದು ಭಿನ್ನಾಭಿಪ್ರಾಯವಿದೆ. ನಾನು ಹಲವು ವರ್ಷ ಪೀಣ್ಯದ ಯಂತ್ರಗಳಿಗೆ ಬಳಕೆಯ ಕೈಪಿಡಿ ಬರೆದವಳು. ಯಾವ ಲಿವರ್‌ನ ಪಕ್ಕದಲ್ಲಿ ಎಚ್ಚರಿಕೆಯ ಚೀಟಿ ಉದ್ದವಾಗುತ್ತ ಹೋಗುತ್ತದೋ ಆ ಲಿವರ್ ಇರುವ ಜಾಗವೇ ಸರಿಯಿಲ್ಲವೆಂದು ನಾನು ಎಂಜಿನಿಯರುಗಳಿಗೆ ಹೇಳಿ ಹೇಳಿ ಬೈಸಿಕೊಂಡಿದ್ದೇನೆ. ಇಲ್ಲಿಯೂ ಹಾಗೆಯೇ ಕಾಣುತ್ತದೆ. ‘ಮೊದಲು ಆ ಟೂಲ್ ನೋಡಿ, ಆಮೇಲೆ ಇದನ್ನು ನೋಡಿ, ಅನಂತರ ಇದನ್ನು ಬಳಸಿ’ ಎಂದು ವಿವರಣೆಯಲ್ಲಿ ಬರೆಯಬೇಕಾಗಿ ಬಂದಿರುವುದು ಟೂಲ್‌ಗಳನ್ನು ನಿಮ್ಮ ಡೇಟಾಬೇಸ್‌ನ ಟೇಬಲ್‌ಗಳಿಗೆ ತಕ್ಕಂತೆ ಕತ್ತರಿಸಿರುವುದರಿಂದ. ನಿವಾಸಿ ಕೇಳುವ ಪ್ರಶ್ನೆಗೆ ತಕ್ಕಂತೆ ಕತ್ತರಿಸಿದ್ದರೆ ಇದರ ಅಗತ್ಯ ಬೀಳುತ್ತಿರಲಿಲ್ಲ.

ನೀರು ಬಾರದ ಮನೆಯವರಿಗೆ ತಿಳಿಯಬೇಕಾದದ್ದು ಒಂದೇ: ಈಗ ನೀರಿನ ಸ್ಥಿತಿ ಏನು? ಸಂಪ್ ಎಷ್ಟು ತುಂಬಿದೆ, ಮೇಲಿನ ಟ್ಯಾಂಕ್‌ನಲ್ಲಿ ಎಷ್ಟಿದೆ, ಮೋಟರ್ ನಡೆಯುತ್ತಿದೆಯೇ, ಮುಂದಿನ ಕಾವೇರಿ ಸರದಿ ಯಾವಾಗ, ಈಗಾಗಲೇ ಟ್ಯಾಂಕರ್ ಹೇಳಿದೆಯೇ ಎಂಬ ಐದನ್ನೂ ಒಟ್ಟಿಗೆ ಕೊಡುವ ‘ನೀರಿನ ಸ್ಥಿತಿ’ ಎಂಬ ಓದುವ ಟೂಲ್ ಒಂದಿದ್ದರೆ ಮಾಡೆಲ್ ನಾಲ್ಕು ಸಲ ಅಲೆಯುವುದು ತಪ್ಪುತ್ತದೆ, ನಿಮ್ಮ ವಿವರಣೆಗಳೂ ಚಿಕ್ಕದಾಗುತ್ತವೆ. ಇದಕ್ಕೆ ವಿರುದ್ಧವಾಗಿ ‘ವಾಟರ್_ಸರ್ವಿಸ್’ ಎಂಬುದನ್ನು ಒಡೆಯಬೇಕು. ಅದರೊಳಗೆ ‘ಆಕ್ಷನ್’ ಎಂಬ ಪ್ಯಾರಾಮೀಟರ್ ಇಟ್ಟು ನೋಡುವುದು, ಬದಲಾಯಿಸುವುದು, ಅಳಿಸುವುದು ಎಲ್ಲವನ್ನೂ ತುರುಕಿದ್ದೀರೆಂದು ಊಹಿಸುತ್ತೇನೆ. ಓದುವ ಕೆಲಸವೂ ಬದಲಾಯಿಸುವ ಕೆಲಸವೂ ಒಂದೇ ಹೆಸರಿನಡಿ ಇದ್ದರೆ ಎಷ್ಟು ಚೆನ್ನಾಗಿ ಬರೆದರೂ ವಿವರಣೆ ಮಸುಕಾಗಿಯೇ ಇರುತ್ತದೆ. ‘ನಿರ್ವಹಿಸುತ್ತದೆ’ ಎಂಬ ಕ್ರಿಯಾಪದ ಕಂಡಲ್ಲೆಲ್ಲ ನನಗೆ ಸಂಶಯ ಬರುತ್ತದೆ. ಸರ್ಕಾರಿ ಸುತ್ತೋಲೆಗಳಲ್ಲಿ ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂದಿರುವಂತೆ ಅದು ಏನನ್ನೂ ಹೇಳದೆ ಎಲ್ಲವನ್ನೂ ಹೇಳಿದಂತೆ ತೋರುತ್ತದೆ.

ಉದ್ದದ ವಿಷಯದಲ್ಲಿ ಇನ್ನೊಂದು ಮಾತು. ಸಾಮಾನ್ಯವಾಗಿ ಎಲ್ಲ ಟೂಲ್‌ಗಳ ವಿವರಣೆಯೂ ಪ್ರತಿ ಕರೆಯಲ್ಲೂ ಮಾಡೆಲ್‌ಗೆ ಹೋಗುತ್ತದೆ, ಅದಕ್ಕೆ ಟೋಕನ್‌ಗಳ (ಮಾಡೆಲ್ ಪಠ್ಯವನ್ನು ಒಡೆದು ಓದುವ ತುಂಡುಗಳ) ಲೆಕ್ಕದಲ್ಲಿ ಹಣವೂ ಆಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹನ್ನೊಂದು ಟೂಲ್‌ಗಳಿಗೂ ಪುಟಗಟ್ಟಲೆ ಬರೆದರೆ ಅವುಗಳ ನಡುವಿನ ವ್ಯತ್ಯಾಸವೇ ಮುಚ್ಚಿಹೋಗುತ್ತದೆ. ದುಬಾರಿಯಾದ, ಹಿಂದಿರುಗಿಸಲಾಗದ ಟೂಲ್‌ಗೆ ನಾಲ್ಕೈದು ವಾಕ್ಯ ಬರೆಯಿರಿ. ಸಂಘದ ಕಚೇರಿಯ ಸಮಯ ಹೇಳುವ ಟೂಲ್‌ಗೆ ಒಂದು ವಾಕ್ಯ ಧಾರಾಳ.

ಕೊನೆಯದಾಗಿ, ಹಣದ ವಿಷಯವನ್ನು ವಾಕ್ಯಗಳ ಮೇಲೆ ಬಿಡಬೇಡಿ. ಸಂಪ್ ಅರ್ಧಕ್ಕಿಂತ ಹೆಚ್ಚು ತುಂಬಿರುವಾಗ ಟ್ಯಾಂಕರ್ ಹೇಳಲು ನಿಮ್ಮ ಕೋಡ್ ನಿರಾಕರಿಸಬೇಕು. ಉಳಿದ ಸಂದರ್ಭಗಳಲ್ಲಿ ಮ್ಯಾನೇಜರ್ ಒಪ್ಪಿಗೆ ಒತ್ತಿದ ಮೇಲೆಯೇ ಅದು ಮುಂದುವರಿಯಬೇಕು. ನಿರಾಕರಿಸುವಾಗ ‘ಎರರ್ 400’ ಎಂದು ಕಳಿಸಿದರೆ ಮಾಡೆಲ್ ಅದೇ ಕರೆಯನ್ನು ಮತ್ತೆ ಮತ್ತೆ ಮಾಡುತ್ತ ಕೂರಬಹುದು. ‘ಸಂಪ್ 74 ಪ್ರತಿಶತ ತುಂಬಿದೆ, ಮೋಟರ್ ನಿಂತಿದೆ, ಟ್ಯಾಂಕರ್ ಹೇಳಿಲ್ಲ, ಮೋಟರ್ ಹಾಕುವವರಿಗೆ ಸೂಚನೆ ಕಳಿಸಿ’ ಎಂದು ಕಳಿಸಿದರೆ ಮುಂದಿನ ಹೆಜ್ಜೆ ಅದಕ್ಕೇ ಹೊಳೆಯುತ್ತದೆ. ದೋಷಸಂದೇಶವೂ ವಿವರಣೆಯ ಒಂದು ತುಂಡೇ, ಬೇಕಾದ ಕ್ಷಣದಲ್ಲಿ ಬಂದು ತಲುಪುತ್ತದೆ ಎಂಬುದಷ್ಟೇ ವ್ಯತ್ಯಾಸ.

ಹೊಸಕೆರೆಹಳ್ಳಿಯವ

ಇಬ್ಬರಿಗೂ ಧನ್ಯವಾದಗಳು. ಮೇಡಂ ಅವರ ಊಹೆ ಸರಿಯಾಗಿದೆ. ‘ವಾಟರ್_ಸರ್ವಿಸ್’ನಲ್ಲಿ ಏಳು ಆಕ್ಷನ್‌ಗಳಿದ್ದವು, ಅವುಗಳಲ್ಲಿ ಎರಡು ಏಕೆ ಇವೆಯೆಂದು ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ. ಅದನ್ನು ಒಡೆದು, ‘ನೀರಿನ ಸ್ಥಿತಿ’ ಟೂಲನ್ನು ಬರೆದಿದ್ದೇವೆ. ಮೊದಲಿನ ದೋಷ ಮತ್ತೆ ಕಂಡಿಲ್ಲ.

ಭಾಷೆಯ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ನಿನ್ನೆ ಮಳೆಯಲ್ಲಿ ಒಬ್ಬರು ‘ಬೇಸ್‌ಮೆಂಟ್ ಕಡೆ ನೀರು ನಿಂತಿದೆ’ ಎಂದು ಬರೆದರು. ಏಜೆಂಟ್ ಸಂಪ್‌ನ ಮಟ್ಟ ನೋಡಿ, ಪೂರೈಕೆ ಸರಿಯಾಗಿದೆ, ಚಿಂತಿಸಬೇಡಿ ಎಂದು ಸಮಾಧಾನ ಹೇಳಿತು. ಅಷ್ಟರಲ್ಲಿ ಅಲ್ಲಿ ನಿಲ್ಲಿಸಿದ್ದ ಸ್ಕೂಟರ್‌ಗಳ ಅರ್ಧ ಚಕ್ರ ಮುಳುಗಿತ್ತು.

ಬಸವನಗುಡಿಯ ಭಾಷಾಪ್ರಿಯ

ನಾನು ಕನ್ನಡ ಚಾಟ್‌ಬಾಟ್‌ಗಳನ್ನು ಪರೀಕ್ಷಿಸುವ ಕೆಲಸ ಮಾಡುತ್ತೇನೆ, ಆದ್ದರಿಂದ ಈ ಕೊನೆಯ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ.

ಟೋಕನ್‌ಗಳ ದೃಷ್ಟಿಯಿಂದ ಕನ್ನಡ ದುಬಾರಿ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ಇಂಗ್ಲಿಷ್ ಅಕ್ಷರಕ್ಕೆ ಒಂದು ಸಾಕು. ಅದಲ್ಲದೆ ಹೆಚ್ಚಿನ ಮಾಡೆಲ್‌ಗಳು ಪದಗಳನ್ನು ತುಂಡರಿಸುವ ಕ್ರಮ ಇಂಗ್ಲಿಷ್ ಪಠ್ಯವೇ ಹೆಚ್ಚಾಗಿರುವ ರಾಶಿಯಿಂದ ರೂಪುಗೊಂಡಿರುವುದರಿಂದ ಅದೇ ಅರ್ಥದ ಕನ್ನಡ ವಾಕ್ಯ ಹೆಚ್ಚು ತುಂಡುಗಳಾಗಿ ಒಡೆಯುತ್ತದೆ. ಆದ್ದರಿಂದ ವಿವರಣೆಯ ಚೌಕಟ್ಟನ್ನು ಇಂಗ್ಲಿಷಿನಲ್ಲಿಯೇ ಬರೆಯಿರಿ ಎಂದು ನಾನು ಸಾಮಾನ್ಯವಾಗಿ ಹೇಳುತ್ತೇನೆ, ಕನ್ನಡಾಭಿಮಾನಿಗಳು ಕ್ಷಮಿಸಬೇಕು. ಆದರೆ ನಿವಾಸಿಗಳು ಬಳಸುವ ಮಾತುಗಳನ್ನು, ಟೂಲ್ ಆರಿಸುವುದು ಯಾವ ಮಾತಿನ ಮೇಲೆ ನಿಂತಿದೆಯೋ ಆ ಮಾತುಗಳನ್ನು, ಕನ್ನಡ ಲಿಪಿಯಲ್ಲಿಯೂ ಜನ ಮೊಬೈಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಿಂದ ಒತ್ತುವ ರೂಪದಲ್ಲಿಯೂ ಹಾಗೆಯೇ ಇಡಬೇಕು. ಅನುವಾದಿಸಿ ಇಟ್ಟರೆ ಅವುಗಳ ಜೀವವೇ ಹೋಗುತ್ತದೆ.

‘ನೀರು ನಿಂತಿದೆ’ ಎಂಬುದೇ ಇದಕ್ಕೆ ಒಳ್ಳೆಯ ಉದಾಹರಣೆ. ನಲ್ಲಿಯ ಮುಂದೆ ನಿಂತು ಹೇಳಿದರೆ ಪೂರೈಕೆ ನಿಂತಿದೆ ಎಂದರ್ಥ, ರಸ್ತೆಯ ಮೇಲೆ ನಿಂತು ಹೇಳಿದರೆ ನೀರು ಹರಿಯದೆ ತುಂಬಿಕೊಂಡಿದೆ ಎಂದರ್ಥ. ‘ನಿಂತುಹೋಗಿದೆ’ ಎಂದರೆ ಸಾಮಾನ್ಯವಾಗಿ ಮೊದಲನೆಯದು, ‘ನಿಂತುಕೊಂಡಿದೆ’ ಎಂದರೆ ಎರಡನೆಯದು, ಬರಿಯ ‘ನಿಂತಿದೆ’ ಎಂದರೆ ಜಾಗ ನೋಡಿಯೇ ನಿರ್ಧರಿಸಬೇಕು. ಇದನ್ನು ಹಾಗೆಯೇ ಬರೆಯಿರಿ: ‘ಬೇಸ್‌ಮೆಂಟ್, ಪಾರ್ಕಿಂಗ್, ರಸ್ತೆ, ಲಿಫ್ಟ್ ಗುಂಡಿ ಎಂಬ ಜಾಗದ ಹೆಸರಿದ್ದರೆ ಇದು ನೀರು ತುಂಬಿದ ದೂರು, ಜಾಗದ ಹೆಸರಿಲ್ಲದಿದ್ದರೆ ಒಂದು ಪ್ರಶ್ನೆ ಕೇಳು.’

ನಮ್ಮ ಊರಿಗೇ ವಿಶೇಷವಾದ ಇನ್ನೊಂದು ತೊಡಕಿದೆ. ಬೆಂಗಳೂರಿನ ಎಷ್ಟೋ ಕಟ್ಟಡಗಳಲ್ಲಿ ಬೋರ್‌ವೆಲ್ ನೀರಿಗೂ ಕಾವೇರಿ ನೀರಿಗೂ ಬೇರೆ ಬೇರೆ ಪೈಪ್ ಇರುತ್ತದೆ. ಜನ ಮೊದಲನೆಯದನ್ನು ಉಪ್ಪು ನೀರು ಎಂದೂ ಎರಡನೆಯದನ್ನು ಸಿಹಿ ನೀರು ಎಂದೂ ಕರೆಯುತ್ತಾರೆ. ‘ಸಿಹಿ ನೀರು ಬಂದಿಲ್ಲ’ ಎಂದರೆ ಮನೆಯಲ್ಲಿ ನೀರೇ ಇಲ್ಲವೆಂದಲ್ಲ, ಅಡುಗೆಮನೆಯ ನಲ್ಲಿಗೆ ಕಾವೇರಿ ಬಂದಿಲ್ಲವೆಂದರ್ಥ. ಇದಕ್ಕೆ ಟ್ಯಾಂಕರೂ ಬೇಡ, ಪ್ಲಂಬರೂ ಬೇಡ, ಸರದಿಯ ಪಟ್ಟಿ ನೋಡಿ ಹೇಳಿದರೆ ಸಾಕು. ಈ ಪದವನ್ನು ಮಾಡೆಲ್ ಸಕ್ಕರೆ ಹಾಕಿದ ನೀರು ಎಂದು ಅರ್ಥ ಮಾಡಿಕೊಂಡದ್ದನ್ನು ನಾನೇ ನೋಡಿ ನಕ್ಕಿದ್ದೇನೆ.

ಕಾಲಸೂಚಕ ಪದಗಳ ಬಗ್ಗೆಯೂ ಎಚ್ಚರವಿರಲಿ. ‘ನಾಳಿದ್ದು’ ಎಂಬುದನ್ನು ಕೆಲವು ಮಾಡೆಲ್‌ಗಳು ನಾಳೆ ಎಂದೇ ಓದುತ್ತವೆ. ‘ಎಂಟು ದಿನ ಬಿಟ್ಟು ಬನ್ನಿ’ ಎಂದರೆ ನಮಗೆ ಒಂದು ವಾರ, ‘ಹದಿನೈದು ದಿನ’ ಎಂದರೆ ಎರಡು ವಾರ. ಲೆಕ್ಕ ಹಾಕಿ ಎಂಟನೆಯ ದಿನವನ್ನೇ ಗುರುತು ಮಾಡಿದರೆ ಪ್ಲಂಬರ್ ಒಂದು ದಿನ ತಡವಾಗಿ ಬರುತ್ತಾನೆ. ದಿನಾಂಕದ ಪ್ಯಾರಾಮೀಟರ್‌ನ ವಿವರಣೆಯಲ್ಲಿ ಇವನ್ನು ಒಂದು ಸಾಲಿನಲ್ಲಿ ಹೇಳಿ, ಮುಂದುವರಿಯುವ ಮೊದಲು ವಾರದ ಹೆಸರಿನೊಂದಿಗೆ ದಿನಾಂಕವನ್ನು ನಿವಾಸಿಗೆ ಓದಿಹೇಳಿ ಖಚಿತಪಡಿಸಿಕೊಳ್ಳಬೇಕೆಂದು ಬರೆಯಿರಿ.

ಉದಾಹರಣೆಗಳನ್ನು ಹೆಚ್ಚು ತುಂಬಬೇಡಿ. ಐದೂ ಉದಾಹರಣೆಗಳು ಬೆಳಗಿನ ಹೊತ್ತಿನ ದೂರುಗಳೇ ಆಗಿದ್ದರೆ ಸಂಜೆಯ ದೂರು ಬಂದಾಗ ಮಾಡೆಲ್ ತಡವರಿಸಬಹುದು. ಗಡಿಯ ಎರಡೂ ಕಡೆಯಿಂದ ಒಂದೊಂದು, ಅಂದರೆ ಬಳಸಬೇಕಾದ ಒಂದು ಮಾತು ಮತ್ತು ನೋಡಲು ಹಾಗೆಯೇ ಇದ್ದರೂ ಬಳಸಬಾರದ ಒಂದು ಮಾತು ಇದ್ದರೆ ಒಳ್ಳೆಯದು.

ಭದ್ರತೆಯ ಚಿಂತೆಯುಳ್ಳವನು

ಚಿಕ್ಕ ಸೇರ್ಪಡೆ. ಕ್ಯಾಲೆಂಡರ್‌ಗೋ ಹಣ ಪಾವತಿಗೋ ಬೇರೆಯವರು ಬರೆದ ಎಂಸಿಪಿ ಸರ್ವರ್ (ಆ ಪ್ರೋಟೋಕಾಲ್ ಮೂಲಕ ಟೂಲ್‌ಗಳನ್ನು ಒದಗಿಸುವ ಪ್ರೋಗ್ರಾಂ) ಜೋಡಿಸುವುದಾದರೆ ಅದರ ಟೂಲ್‌ಗಳ ವಿವರಣೆಯನ್ನು ಸಾಲು ಸಾಲಾಗಿ ಓದಿಯೇ ಜೋಡಿಸಿ. ವಿವರಣೆ ಆದೇಶದ ಭಾಗ ಎಂದು ಮೇಲೆ ಹೇಳಿದ್ದಾರೆ. ಬೇರೆಯವರು ಬರೆದ ವಿವರಣೆ ಬೇರೆಯವರ ಆದೇಶವಾಗುತ್ತದೆ. ಬಳಕೆದಾರರ ಕಣ್ಣಿಗೆ ಬೀಳದ ಸೂಚನೆಗಳನ್ನು ವಿವರಣೆಯೊಳಗೆ ಅಡಗಿಸಿ ಮಾಡೆಲ್‌ನಿಂದ ಖಾಸಗಿ ಮಾಹಿತಿಯನ್ನು ಹೊರಗೆ ಕಳಿಸುವಂತೆ ಮಾಡಬಹುದೆಂದು ಭದ್ರತಾ ಸಂಶೋಧಕರು 2025ರಲ್ಲಿ ತೋರಿಸಿಕೊಟ್ಟರು. ಆ ಪ್ರೋಟೋಕಾಲ್‌ನಲ್ಲಿ ‘ಇದು ಬರಿಯ ಓದುವ ಟೂಲ್’, ‘ಇದು ಅಳಿಸುವ ಟೂಲ್’ ಎಂದು ಗುರುತು ಹಾಕುವ ಅವಕಾಶವಿದೆ, ಆದರೆ ಅವು ಸೂಚನೆಗಳಷ್ಟೇ. ನಂಬಿಕೆಗೆ ಅರ್ಹವಲ್ಲದ ಸರ್ವರ್ ಹಾಕಿದ ಗುರುತನ್ನು ಆಧರಿಸಿ ನಿರ್ಧಾರ ಮಾಡಬಾರದೆಂದು ಪ್ರೋಟೋಕಾಲ್‌ನ ದಾಖಲೆಯೇ ಹೇಳುತ್ತದೆ.

ಮಲ್ಲೇಶ್ವರದ ಹಳೆಯ ಪ್ರೋಗ್ರಾಮರ್

ಟೂಲ್‌ಗಳನ್ನು ಕತ್ತರಿಸುವ ವಿಷಯದಲ್ಲಿ ಕೈಪಿಡಿಯವರ ಮಾತೇ ಸರಿ, ನನ್ನ ನಾಲ್ಕು ವಾಕ್ಯಗಳಲ್ಲಿ ಒಂದೂವರೆ ಅವರು ಹೇಳಿದಂತೆ ಕೋಡ್‌ಗೆ ಹೋಗಬೇಕಾದದ್ದು. ಆದರೆ ಇಷ್ಟೆಲ್ಲ ಸಲಹೆಗಳನ್ನು ಒಂದೇ ದಿನ ಸೇರಿಸಬೇಡಿ. ನಿವಾಸಿಗಳು ನಿಜವಾಗಿ ಬರೆದ ಸಂದೇಶಗಳನ್ನು ಹೆಸರು, ಮನೆ ಸಂಖ್ಯೆ ತೆಗೆದು ಒಂದು ಹಾಳೆಯಲ್ಲಿ ಬರೆದಿಡಿ. ಪ್ರತಿಯೊಂದರ ಮುಂದೆ ಯಾವ ಟೂಲ್ ನಡೆಯಬೇಕಿತ್ತು ಎಂದೋ, ಯಾವುದೂ ನಡೆಯದೆ ಪ್ರಶ್ನೆ ಕೇಳಬೇಕಿತ್ತು ಎಂದೋ ಬರೆಯಿರಿ. ಒಂದು ವಿವರಣೆಯನ್ನು ಬದಲಾಯಿಸಿ, ಹಾಳೆಯನ್ನೆಲ್ಲ ಮತ್ತೆ ಓಡಿಸಿ, ಆಮೇಲೆ ಮುಂದಿನದಕ್ಕೆ ಹೋಗಿ. ಒಂದನ್ನು ಸರಿಪಡಿಸಲು ಹೋಗಿ ಪಕ್ಕದ್ದು ಕೆಡುವುದು ಈ ಕೆಲಸದಲ್ಲಿ ತೀರ ಸಾಮಾನ್ಯ.

ಹೊಸಕೆರೆಹಳ್ಳಿಯವ

ಹಾಳೆ ಸಿದ್ಧಪಡಿಸಿ ಮೂರು ದಿನ ಅದರ ಮೇಲೆಯೇ ಕೆಲಸ ಮಾಡಿದೆವು. ಸಿಹಿ ನೀರು, ನಿಂತ ನೀರು, ನಾಳಿದ್ದು ಎಲ್ಲವೂ ಸರಿಯಾದವು. ಒಂದು ಸಂದೇಶ ಮಾತ್ರ ಏನು ಮಾಡಿದರೂ ಸರಿಹೋಗುತ್ತಿಲ್ಲ: ‘ಟ್ಯಾಂಕರ್ ಎಲ್ಲಿದೆ?’ ಏಜೆಂಟ್ ಒಂದು ಸಲ ಸಂಪ್‌ನ ಮಟ್ಟ ಹೇಳುತ್ತದೆ, ಇನ್ನೊಂದು ಸಲ ಹೊಸ ಟ್ಯಾಂಕರ್ ಹೇಳಲು ಮ್ಯಾನೇಜರ್‌ನ ಒಪ್ಪಿಗೆ ಕೇಳುತ್ತದೆ. ವಿವರಣೆಗಳನ್ನು ತಿದ್ದಿ ತಿದ್ದಿ ಸಾಕಾದ ಮೇಲೆ ಹೊಳೆಯಿತು: ಹೇಳಿದ ಟ್ಯಾಂಕರ್ ಎಲ್ಲಿಯವರೆಗೆ ಬಂತು ಎಂದು ತಿಳಿಸುವ ಟೂಲನ್ನು ನಾವು ಬರೆದೇ ಇಲ್ಲ. ನೀರಿನ ಸ್ಥಿತಿಯ ಟೂಲ್ ಟ್ಯಾಂಕರ್ ಹೇಳಿದೆಯೋ ಇಲ್ಲವೋ ಎಂಬುದನ್ನಷ್ಟೇ ಹೇಳುತ್ತದೆ. ಪೂರೈಕೆದಾರರ ಚಾಲಕ ಫೋನ್ ಎತ್ತಿದರೆ ಉಂಟು, ಎತ್ತದಿದ್ದರೆ ನಮ್ಮ ಸೆಕ್ಯೂರಿಟಿಯವರಿಗೂ ಗೊತ್ತಾಗುವುದಿಲ್ಲ.

ಈಗ ಕೋಡ್‌ಗಿಂತ ಮೊದಲು ವಿವರಣೆಯನ್ನು ಬರೆದು, ಗೇಟಿನಲ್ಲಿರುವ ಸೆಕ್ಯೂರಿಟಿಯವರಿಗೆ ಓದಿಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, ‘ಸರ್, ಎರಡು ಟ್ಯಾಂಕರ್ ಹೇಳಿದ್ದರೆ ಇದು ಯಾವುದರ ಬಗ್ಗೆ ಹೇಳುತ್ತೆ?’ ಆ ಪ್ಯಾರಾಮೀಟರ್ ಸೇರಿಸಿ ಬರೆಯುತ್ತಿದ್ದೇನೆ.